‘ಈ ಮರ’ ಎಂದರೆ ಸಾಲದು, ‘ಇದು ಮರ’ ಎಂದರೆ ಸಾಕು

ಒಂದನೇ ತರಗತಿಯ ಮಕ್ಕಳ ಮುಂದೆ ಎರಡು ಮಿಂಚುಪಟ್ಟಿ ಹಿಡಿದು ನೋಡಬಹುದು. ಒಂದರಲ್ಲಿ ‘ಈ ಮರ’ ಎಂದಿರಲಿ, ಇನ್ನೊಂದರಲ್ಲಿ ‘ಇದು ಮರ’ ಎಂದಿರಲಿ. ಎರಡರಲ್ಲೂ ಇರುವುದು ಎರಡೇ ಪದ, ಎರಡರಲ್ಲೂ ಕ್ರಿಯಾಪದವಿಲ್ಲ. ಆದರೂ ಮೊದಲನೆಯದನ್ನು ಗಟ್ಟಿಯಾಗಿ ಓದಿ ಸುಮ್ಮನಾದರೆ ಮಕ್ಕಳು ಟೀಚರ ಮುಖ ನೋಡುತ್ತಾರೆ. ‘ಈ ಮರ ಏನು ಟೀಚರ್?’ ಎಂದು ಕೇಳುವವರೂ ಇರುತ್ತಾರೆ. ಎರಡನೆಯದನ್ನು ಓದಿದಾಗ ಯಾರೂ ಏನನ್ನೂ ಕೇಳುವುದಿಲ್ಲ. ಮಾತು ಮುಗಿಯಿತೆಂದು ಆರು ವರ್ಷದ ಕಿವಿಗೆ ಗೊತ್ತಾಗಿಬಿಟ್ಟಿರುತ್ತದೆ.

ಕರ್ತೃ, ಕರ್ಮ, ಕ್ರಿಯೆ ಎಂಬ ಹೆಸರುಗಳನ್ನೇ ಕೇಳಿರದ ಮಗು ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಹಿಡಿಯುತ್ತದೆ. ಅದೇ ಮಗು ಮೂರನೇ ತರಗತಿಗೆ ಬಂದು ‘ಒಂದು ವಾಕ್ಯದಲ್ಲಿ ಉತ್ತರಿಸಿರಿ’ ಎಂಬ ಸೂಚನೆಯ ಕೆಳಗೆ ಒಂದೇ ಪದ ಬರೆದು ಎದ್ದು ಹೋಗುತ್ತದೆ. ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂದರೆ ‘ನಮ್ಮ ಊರಿನ ಕೆರೆಯಲ್ಲಿ’ ಎಂದು ಬರೆದು ಚುಕ್ಕಿ ಇಡುತ್ತದೆ. ಕಿವಿಗೆ ಗೊತ್ತಿದ್ದ ವಿಷಯ ಪೆನ್ಸಿಲಿಗೆ ಏಕೆ ಇಳಿಯುವುದಿಲ್ಲ? ಪೂರ್ಣ ವಾಕ್ಯ ಯಾವುದು, ಅಪೂರ್ಣ ವಾಕ್ಯ ಯಾವುದು ಎಂದು ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಕಿವಿ ಮೊದಲೇ ಕಲಿತದ್ದು

ಮಗು ಮೊದಲ ಪದ ಆಡುವುದು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ. ಒಂದೂವರೆಯಿಂದ ಎರಡು ವರ್ಷದೊಳಗೆ ಪದಗಳು ಜೋಡಿಯಾಗತೊಡಗುತ್ತವೆ: ‘ಅಮ್ಮ ಹಾಲು’, ‘ಅಪ್ಪ ಟಾಟಾ’, ‘ಬೌ ಬೌ ಬಂತು’. ಬಾಯಿಂದ ಬಂದದ್ದು ತುಣುಕಾದರೂ ಆ ಕ್ಷಣದ ಸನ್ನಿವೇಶ ಉಳಿದದ್ದನ್ನು ತುಂಬಿಕೊಡುತ್ತದೆ. ಮಗು ಬಟ್ಟಲಿನ ಕಡೆ ಕೈ ಚಾಚಿ ‘ಹಾಲು’ ಎಂದರೆ ಸಾಕು, ಮನೆಯವರಿಗೆ ಅರ್ಥವಾಗುತ್ತದೆ. ಎರಡು ವರ್ಷದ ಮಗು ತುತ್ತನ್ನು ದೂಡಿ ‘ಬೇಡ’ ಎನ್ನುವಾಗಲಂತೂ ಆ ಒಂದು ಪದವೇ ಇಡೀ ವಾಕ್ಯ. ಕನ್ನಡದಲ್ಲಿ ಬೇಕು, ಬೇಡ, ಗೊತ್ತು, ಇಲ್ಲ, ಉಂಟು ಎಂಬ ಪುಟ್ಟ ಪದಗಳಿಗೆ ಒಬ್ಬಂಟಿಯಾಗಿಯೇ ಮಾತು ಮುಗಿಸುವ ಶಕ್ತಿ ಇದೆ.

ಶಾಲೆಗೆ ಸೇರುವ ಹೊತ್ತಿಗೆ ಮಗು ಸಾವಿರಾರು ವಾಕ್ಯಗಳನ್ನು ಕೇಳಿರುತ್ತದೆ, ಆಡಿರುತ್ತದೆ. ದನಿ ಎಲ್ಲಿ ಇಳಿಯುತ್ತದೆ, ಎಲ್ಲಿ ಮೇಲೇರಿ ಪ್ರಶ್ನೆಯಾಗುತ್ತದೆ, ಎಲ್ಲಿ ಎಳೆದು ನಿಂತು ‘ಇನ್ನೂ ಇದೆ’ ಎಂದು ಸೂಚಿಸುತ್ತದೆ ಎಂಬುದೆಲ್ಲ ಅದಕ್ಕೆ ರೂಢಿಯಾಗಿರುತ್ತದೆ. ಬರಹದಲ್ಲಿ ಈ ದನಿಯೂ ಇಲ್ಲ, ಬಟ್ಟಲಿನ ಕಡೆ ಚಾಚಿದ ಕೈಯೂ ಇಲ್ಲ. ಓದುವವರು ಎದುರಿಗೂ ಇರುವುದಿಲ್ಲ. ಮಾತಿನಲ್ಲಿ ಸನ್ನಿವೇಶ ಹೊತ್ತುಕೊಂಡಿದ್ದ ಭಾರವನ್ನೆಲ್ಲ ಈಗ ಪದಗಳೇ ಹೊರಬೇಕು. ಮಗು ತಡವರಿಸುವುದು ಇಲ್ಲಿ.

‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳಿದರೆ ‘ಅಜ್ಜಿ ಮನೆಗೆ’ ಎನ್ನುವುದು ಮಾತಿನಲ್ಲಿ ಸರಿಯಾದ ಉತ್ತರ. ದೊಡ್ಡವರೂ ಹಾಗೆಯೇ ಹೇಳುತ್ತಾರೆ. ಅದನ್ನು ತಪ್ಪು ಎಂದು ಬೈದರೆ ಮಗುವಿಗೆ ಗೊಂದಲವಾಗುತ್ತದೆ. ಪ್ರಶ್ನೆಯನ್ನು ಕೇಳಿಸಿಕೊಳ್ಳದ ಒಬ್ಬರು ಬಾಗಿಲಿನಿಂದ ಒಳಗೆ ಬಂದು ಈ ಉತ್ತರವನ್ನಷ್ಟೇ ಕೇಳಿದರೆ ಅವರಿಗೆ ಏನು ತಿಳಿಯುತ್ತದೆ ಎಂದು ಯೋಚಿಸಲು ಹಚ್ಚಬೇಕು. ‘ನಾನು ಅಜ್ಜಿ ಮನೆಗೆ ಹೋಗಿದ್ದೆ’ ಎಂದು ಬರೆಯುವುದೇಕೆ ಎಂಬುದು ಆಗ ತಾನಾಗಿಯೇ ಹೊಳೆಯುತ್ತದೆ.

ಸೂತ್ರ ಎಡವುವ ಜಾಗ

‘ಕರ್ತೃ, ಕರ್ಮ, ಕ್ರಿಯಾಪದ ಸೇರಿದರೆ ವಾಕ್ಯ’ ಎಂಬ ಸೂತ್ರವನ್ನು ತಲೆಮಾರುಗಳಿಂದ ಬಾಯಿಪಾಠ ಮಾಡಿಸಲಾಗಿದೆ. ‘ರಾಮನು ಹಣ್ಣನ್ನು ತಿಂದನು’ ಎಂಬ ಮಾದರಿಗೆ ಅದು ಸರಿಹೊಂದುತ್ತದೆ. ಆದರೆ ಮಗು ಬೆಳಗಿನಿಂದ ಸಂಜೆಯವರೆಗೆ ಆಡುವ ಎಷ್ಟೋ ವಾಕ್ಯಗಳು ಆ ಅಚ್ಚಿನೊಳಗೆ ಕೂರುವುದಿಲ್ಲ.

‘ನನ್ನ ಹೆಸರು ಕಾವ್ಯ’, ‘ನಾಳೆ ರಜೆ’, ‘ನಮ್ಮ ಮನೆ ದೊಡ್ಡದು’, ‘ನನಗೆ ಹಸಿವು’ ಇವೆಲ್ಲ ಪೂರ್ಣ ವಾಕ್ಯಗಳು, ಒಂದರಲ್ಲೂ ಕ್ರಿಯಾಪದವಿಲ್ಲ. ಇನ್ನೊಂದು ತುದಿಯಲ್ಲಿ ‘ಬಂದೆ’ ಎಂಬ ಒಂದೇ ಪದವಿದೆ. ಬಂದದ್ದು ನಾನು ಎಂಬುದು ಕ್ರಿಯಾಪದದ ಕೊನೆಯಲ್ಲೇ ಅಡಗಿರುವುದರಿಂದ ಕರ್ತೃವನ್ನು ಬೇರೆಯಾಗಿ ಹೇಳುವ ಅಗತ್ಯವಿಲ್ಲ. ‘ಬಂದಳು’, ‘ಬಂದರು’, ‘ಬಂದೆವು’ ಎಂಬವೂ ಹಾಗೆಯೇ. ‘ನನಗೆ ಜ್ವರ ಬಂದಿದೆ’ ಎಂಬಲ್ಲಿ ಕರ್ತೃ ಯಾವುದೆಂದು ಮಗುವನ್ನು ಕೇಳಿದರೆ ಅದು ‘ನನಗೆ’ ಎನ್ನುತ್ತದೆ, ಪುಸ್ತಕ ‘ಜ್ವರ’ ಎನ್ನುತ್ತದೆ. ಆರೇಳು ವರ್ಷದ ಮಗುವನ್ನು ಇಂಥ ಚರ್ಚೆಗೆ ಎಳೆಯುವುದರಿಂದ ಏನೂ ಸಿಗುವುದಿಲ್ಲ.

ಉದ್ದವನ್ನು ಅಳತೆ ಮಾಡಿಕೊಂಡರೂ ಮೋಸವೇ. ‘ನಿನ್ನೆ ಸಂಜೆ ಜೋರಾಗಿ ಮಳೆ ಸುರಿಯುತ್ತಿದ್ದಾಗ ನಮ್ಮ ಮನೆಯ ಹಿಂದಿನ ದೊಡ್ಡ ಹಲಸಿನ ಮರದ ಕೆಳಗೆ’ ಎಂಬಲ್ಲಿ ಹನ್ನೆರಡು ಪದಗಳಿವೆ. ಕೇಳಿದವರು ಇನ್ನೂ ಕಾಯುತ್ತಲೇ ಇರುತ್ತಾರೆ.

ಇಂಗ್ಲಿಷ್ ಪಾಠದಿಂದ ಬಂದ ಸೂತ್ರವೂ ಕನ್ನಡಕ್ಕೆ ಒದಗುವುದಿಲ್ಲ. ದೊಡ್ಡ ಅಕ್ಷರದಿಂದ ಶುರುವಾಗಿ ಚುಕ್ಕಿಯಲ್ಲಿ ಮುಗಿಯುವುದೇ ವಾಕ್ಯ ಎಂದು ಅಲ್ಲಿ ಕಲಿಸುತ್ತಾರೆ. ಕನ್ನಡ ಲಿಪಿಯಲ್ಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎಂಬ ಭೇದವೇ ಇಲ್ಲ. ವಾಕ್ಯದ ಆರಂಭವನ್ನು ತೋರಿಸುವ ಗುರುತು ಇಲ್ಲದಿರುವಾಗ ಕನ್ನಡದ ಮಗು ಕೊನೆಯನ್ನೇ ಚೆನ್ನಾಗಿ ಗುರುತಿಸಲು ಕಲಿಯಬೇಕಾಗುತ್ತದೆ.

ಗುಟ್ಟು ಇರುವುದು ಬಾಲದಲ್ಲಿ

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ಕೊನೆಗೆ. ಆ ಕೊನೆಯ ಪದದ ಬಾಲ ಹೇಗಿದೆ ಎಂಬುದರ ಮೇಲೆ ಮಾತು ಮುಗಿಯಿತೋ ಇಲ್ಲವೋ ಎಂಬುದು ನಿಂತಿದೆ. ‘ಮಳೆ ಬಂತು’ ಎಂದರೆ ಮುಗಿಯಿತು. ‘ಮಳೆ ಬಂದು’, ‘ಮಳೆ ಬಂದರೆ’, ‘ಮಳೆ ಬಂದರೂ’, ‘ಮಳೆ ಬಂದಾಗ’, ‘ಮಳೆ ಬರುತ್ತಾ’ ಎಂದರೆ ಯಾವುದೂ ಮುಗಿದಿಲ್ಲ. ಮೊದಲ ಪದ ಹಾಗೆಯೇ ಇದೆ, ಬದಲಾದದ್ದು ಬಾಲ ಮಾತ್ರ. ಕನ್ನಡ ವ್ಯಾಕರಣಗಳು ಇಂಥ ಅರೆ ರೂಪಗಳನ್ನು ಸಾಪೇಕ್ಷ ಕ್ರಿಯಾಪದಗಳೆಂದು ಕರೆಯುತ್ತವೆ. ಮಕ್ಕಳಿಗೆ ಆ ಹೆಸರು ಬೇಕಾಗಿಲ್ಲ. ‘ಮಳೆ ಬಂದರೆ’ ಎಂದು ಹೇಳಿ ಟೀಚರು ಸುಮ್ಮನಾದರೆ ಸಾಕು, ಮಲೆನಾಡಿನ ತರಗತಿಯಾದರೆ ‘ಶಾಲೆಗೆ ರಜೆ!’ ಎಂಬ ಉತ್ತರ ಹಿಂದಿನ ಸಾಲಿನಿಂದಲೂ ಬರುತ್ತದೆ.

ಪದಗಳ ಜಾಗ ಬದಲಾದರೂ ಪೂರ್ಣವಾದದ್ದು ಅಪೂರ್ಣವಾಗುತ್ತದೆ. ‘ಹುಡುಗ ಓದಿದ’ ಎಂದರೆ ಸುದ್ದಿ ತಿಳಿಯಿತು. ಅವೇ ಎರಡು ಪದಗಳನ್ನು ತಿರುವಿಟ್ಟು ‘ಓದಿದ ಹುಡುಗ’ ಎಂದರೆ ಆ ಹುಡುಗ ಏನು ಮಾಡಿದ ಎಂದು ಕೇಳಬೇಕಾಗುತ್ತದೆ. ‘ಹೂವು ಕೆಂಪು’ ಪೂರ್ಣ, ‘ಕೆಂಪು ಹೂವು’ ಅಪೂರ್ಣ. ಎರಡು ರಟ್ಟಿನ ತುಂಡುಗಳಿದ್ದರೆ ಸಾಕು, ಮಕ್ಕಳು ಇದನ್ನು ಕೈಯಾರೆ ಮಾಡಿ ನೋಡಬಹುದು.

ಕೆಲವೊಮ್ಮೆ ಒಂದೇ ರೂಪ ಎರಡು ಕಡೆಗೂ ಸಲ್ಲುತ್ತದೆ. ‘ದಯವಿಟ್ಟು ಬಾಗಿಲು ಹಾಕಿ’ ಎಂದರೆ ಪೂರ್ಣ, ಅದು ವಿನಂತಿ. ‘ಅಮ್ಮ ಬಾಗಿಲು ಹಾಕಿ’ ಎಂದರೆ ಅಪೂರ್ಣ. ಬಾಗಿಲು ಹಾಕಿದ ಮೇಲೆ ಅಮ್ಮ ಎಲ್ಲಿಗೋ ಹೊರಟಿರಬೇಕು. ಬರಹದಲ್ಲಿ ‘ಹಾಕಿ’ ಒಂದೇ ಆದರೂ ಬಾಯಲ್ಲಿ ದನಿ ಬೇರೆ. ಅದಕ್ಕಾಗಿಯೇ ಈ ಪಾಠವನ್ನು ಗಟ್ಟಿಯಾಗಿ ಓದಿಸದೆ ಮಾಡಲು ಬರುವುದಿಲ್ಲ.

ಇನ್ನೂ ಸೋಜಿಗದ ಸಂಗತಿಯೆಂದರೆ, ಪೂರ್ಣ ವಾಕ್ಯಕ್ಕೆ ಪದ ಸೇರಿಸಿದಾಗ ಅದು ಅಪೂರ್ಣವಾಗುವುದೂ ಉಂಟು. ‘ನಾಳೆ ಬರುತ್ತೇನೆ’ ಎಂಬುದು ಮುಗಿದ ಮಾತು. ಅದಕ್ಕೆ ‘ಎಂದು’ ಸೇರಿಸಿದರೆ ಹಾಗೆ ಹೇಳಿದವರು ಯಾರು ಎಂಬ ಹೊಸ ನಿರೀಕ್ಷೆ ಹುಟ್ಟುತ್ತದೆ. ‘ನಾಳೆ ಬರುತ್ತೇನೆ ಎಂದು ಮಾವ ಫೋನ್ ಮಾಡಿದರು’ ಎಂದಾಗಲೇ ಸಮಾಧಾನ.

ಹಳಬರು ಕಂಡುಕೊಂಡದ್ದು

ಮಾತು ಪೂರ್ಣವಾಗುವುದು ಹೇಗೆ ಎಂಬ ಚರ್ಚೆ ಭಾರತದಲ್ಲಿ ಬಹಳ ಹಳೆಯದು. ಒಂದು ಕ್ರಿಯಾಪದ ಇರುವುದೇ ವಾಕ್ಯ ಎಂಬ ಲಕ್ಷಣವನ್ನು ಸಂಸ್ಕೃತ ವ್ಯಾಕರಣದಲ್ಲಿ ಕಾತ್ಯಾಯನ ಕೊಟ್ಟ. ತರ್ಕ, ಮೀಮಾಂಸೆಗಳವರು ಕೇಳುವವರ ಮನಸ್ಸಿನ ಕಡೆಯಿಂದ ಹೊರಟರು. 17ನೇ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ ವಾಕ್ಯದಿಂದ ಅರ್ಥ ತಿಳಿಯಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆನ್ನುತ್ತದೆ. ಹಸು, ಕುದುರೆ, ಮನುಷ್ಯ, ಆನೆ ಎಂದು ಪದಗಳನ್ನು ಸಾಲಾಗಿ ಹೇಳಿದರೆ ಅವು ಒಂದನ್ನೊಂದು ಬಯಸುವುದಿಲ್ಲ, ಆದ್ದರಿಂದ ವಾಕ್ಯವಾಗುವುದಿಲ್ಲ. ಬೆಂಕಿಯಿಂದ ನೆನೆಸು ಎಂದರೆ ಅರ್ಥ ಹೊಂದುವುದಿಲ್ಲ. ಒಂದೊಂದು ಪದವನ್ನು ಜಾವಕ್ಕೊಂದರಂತೆ ಹೇಳಿದರೂ ವಾಕ್ಯ ಕೂಡಿಬರುವುದಿಲ್ಲ.

ಪುಟ್ಟ ಮಕ್ಕಳ ತರಗತಿಗೆ ಈ ಮೂರರಲ್ಲಿ ಮೊದಲನೆಯದು ಬಹಳ ಉಪಯುಕ್ತ. ಒಂದು ಮಾತು ಕೇಳಿದಾಗ ಮನಸ್ಸು ಇನ್ನೇನನ್ನೋ ಬೇಡುತ್ತಿದೆಯೇ ಎಂದು ನೋಡುವುದು ಮಗು ಈಗಾಗಲೇ ಮಾಡುತ್ತಿರುವ ಕೆಲಸ. ಎರಡನೆಯದರ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ‘ಇರುವೆ ಆನೆಯನ್ನು ಹೊತ್ತುಕೊಂಡು ಓಡಿತು’ ಎಂದರೆ ಮಕ್ಕಳು ‘ಸುಳ್ಳು, ಸುಳ್ಳು’ ಎಂದು ನಗುತ್ತಾರೆ, ಅಪೂರ್ಣ ಎಂದೂ ಹೇಳಿಬಿಡುತ್ತಾರೆ. ಸುಳ್ಳಾದರೂ ಅದು ಪೂರ್ಣ ವಾಕ್ಯವೇ. ನಗು ಬಂದದ್ದೇ ಮಾತು ಪೂರ್ತಿಯಾಗಿ ಅರ್ಥವಾದ ಕಾರಣಕ್ಕೆ ಎಂದು ಬಿಡಿಸಿ ಹೇಳಿದರೆ, ನಿಜವಾಗಿರುವುದೇ ಬೇರೆ, ಪೂರ್ಣವಾಗಿರುವುದೇ ಬೇರೆ ಎಂಬುದು ಎಂಟು ವರ್ಷದೊಳಗೇ ಮನಸ್ಸಿಗೆ ಇಳಿಯುತ್ತದೆ.

ಕನ್ನಡದ ಹಳೆಯ ವ್ಯಾಕರಣದ ಗಮನ ಹೆಚ್ಚಾಗಿ ಪದದ ಮೇಲಿತ್ತು. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆ, ವಾಕ್ಯಕ್ಕೆಂದು ಬೇರೆ ಪ್ರಕರಣವಿಲ್ಲ. ನಮ್ಮ ಕಾಲದಲ್ಲಿ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ವಾಕ್ಯಗಳ ಒಳರಚನೆಯನ್ನು ಹಲವು ಪುಸ್ತಕಗಳಲ್ಲಿ ಬಿಡಿಸಿ ತೋರಿಸಿದರು, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದರು. ಎರವಲು ಸೂತ್ರದ ಬದಲು ಮಗು ಆಡುವ ವಾಕ್ಯದಿಂದಲೇ ಪಾಠ ಶುರುವಾಗಬೇಕು ಎನ್ನುವವರಿಗೆ ಆ ಕೆಲಸ ದೊಡ್ಡ ಆಧಾರ.

ತರಗತಿಯೊಳಗೆ

ಕರ್ನಾಟಕದ ಸರ್ಕಾರಿ ಶಾಲೆಗಳ ‘ನಲಿ-ಕಲಿ’ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಪ್ರಯೋಗ ಅದಕ್ಕೆ ಪ್ರೇರಣೆ. 2009-10ರಲ್ಲಿ ಅದು ರಾಜ್ಯದ ಉದ್ದಗಲಕ್ಕೂ ಹರಡಿತು. ಕಲಿಕಾ ಏಣಿ, ಕಾರ್ಡು, ಗುಂಪು ಎಂದು ನಡೆಯುವ ಈ ಪದ್ಧತಿಯಲ್ಲಿ ಅಕ್ಷರಗಳು ಅ, ಆ, ಇ, ಈ ಎಂಬ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂಬ ಗುಂಪಿನಿಂದ ಶುರುವಾಗುತ್ತವೆ. ಅಷ್ಟರಲ್ಲೇ ಸರ, ಅರಸ, ದಸರ ಎಂದು ಪದ ಕಟ್ಟಬಹುದು. ಆದರೆ ಕಾಗುಣಿತ ಬರುವವರೆಗೆ ಬರಹದಲ್ಲಿ ವಾಕ್ಯ ಕಟ್ಟುವುದು ಕಷ್ಟ. ಕಾಗುಣಿತಕ್ಕಾಗಿ ಕಾಯುವ ಆ ತಿಂಗಳುಗಳು ವಾಕ್ಯದ ಪಾಠಕ್ಕೆ ಖಾಲಿ ಸಮಯವಾಗಬೇಕಿಲ್ಲ. ಬಾಯಲ್ಲೇ ಅದನ್ನು ಮಾಡಿ ಮುಗಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಮೊದಲ ಆಟಕ್ಕೆ ಬೇಕಾದದ್ದು ಚಪ್ಪಾಳೆ ಮಾತ್ರ. ಟೀಚರು ಒಂದು ಮಾತು ಹೇಳುತ್ತಾರೆ. ಮುಗಿದಿದ್ದರೆ ಮಕ್ಕಳು ಒಂದು ಚಪ್ಪಾಳೆ ತಟ್ಟಬೇಕು, ಮುಗಿಯದಿದ್ದರೆ ‘ಆಮೇಲೆ?’ ಎಂದು ಕೂಗಬೇಕು. ‘ಬೆಕ್ಕು ಹಾಲು ಕುಡಿಯಿತು’ ಎಂದರೆ ಚಪ್ಪಾಳೆ. ‘ಬೆಕ್ಕು ಮೆಲ್ಲಗೆ ಅಡುಗೆಮನೆಗೆ’ ಎಂದರೆ ‘ಆಮೇಲೆ?’. ಕೆಲವು ದಿನಗಳ ನಂತರ ‘ಆಮೇಲೆ?’ ಎಂಬುದರ ಜಾಗದಲ್ಲಿ ಸರಿಯಾದ ಪ್ರಶ್ನೆಯನ್ನೇ ಕೇಳಿಸಬೇಕು: ಯಾರು, ಏನನ್ನು, ಎಲ್ಲಿ, ಏನು ಮಾಡಿತು, ಏನಾಯಿತು. ಕೊರತೆ ಯಾವುದೆಂದು ಹೆಸರಿಟ್ಟು ಕೇಳಬಲ್ಲ ಮಗುವಿಗೆ ಅದನ್ನು ತುಂಬುವುದೂ ಬರುತ್ತದೆ.

ಎರಡನೆಯದು ರೈಲಿನ ಆಟ. ಒಬ್ಬಳು ‘ನಾನು ಬೆಳಿಗ್ಗೆ ಎದ್ದು’ ಎನ್ನುತ್ತಾಳೆ. ಮುಂದಿನವನು ‘ಹಲ್ಲುಜ್ಜಿ’ ಎಂದು ಅವಳ ಹಿಂದೆ ನಿಲ್ಲುತ್ತಾನೆ. ಸ್ನಾನ ಮಾಡಿ, ರೊಟ್ಟಿ ತಿಂದು, ಚೀಲ ಹಾಕಿಕೊಂಡು ಎಂದು ಡಬ್ಬಿಗಳು ಸೇರುತ್ತಾ ಹೋಗುತ್ತವೆ. ಯಾರಾದರೂ ‘ಶಾಲೆಗೆ ಬಂದೆ’ ಎಂದ ಕೂಡಲೇ ಗಾರ್ಡಿನ ಡಬ್ಬಿ ಬಂದಂತೆ, ರೈಲು ಹೊರಡುತ್ತದೆ. ಎಷ್ಟು ಕ್ರಿಯೆಗಳನ್ನು ಬೇಕಾದರೂ ಪೋಣಿಸಬಹುದು, ಮುಗಿಸಲು ಕೊನೆಯಲ್ಲೊಂದು ಪೂರ್ಣ ರೂಪ ಬೇಕು ಎಂಬ ಕನ್ನಡದ ಮುಖ್ಯ ನಿಯಮವನ್ನು ಮಕ್ಕಳು ಓಡಾಡಿಕೊಂಡೇ ಕಲಿಯುತ್ತಾರೆ.

ಎರಡನೇ ತರಗತಿಗೆ ಬರುವಾಗ ಓದು ಜೊತೆಗೂಡುತ್ತದೆ. ಅರ್ಧ ವಾಕ್ಯಗಳ ಪಟ್ಟಿಗಳನ್ನು ಎರಡು ಬುಟ್ಟಿಗಳಲ್ಲಿಟ್ಟು ಜೋಡಿ ಹುಡುಕಿಸಬಹುದು. ‘ಅಜ್ಜಿ ಕಥೆ’ ಎಂಬುದಕ್ಕೆ ‘ಹೇಳಿದರು’ ಸೇರುತ್ತದೆ, ‘ಹೇಳಿದವು’ ಸೇರುವುದಿಲ್ಲ. ‘ಹಕ್ಕಿಗಳು’ ಎಂಬುದಕ್ಕೆ ‘ಹಾರಿದವು’ ಬೇಕು. ವಾಕ್ಯದ ತಲೆಗೂ ಬಾಲಕ್ಕೂ ಇರುವ ಹೊಂದಾಣಿಕೆ ಹೀಗೆ ಕೈಗೆ ಸಿಗುತ್ತದೆ. ಪುಸ್ತಕಗಳ ಹೆಸರುಗಳೂ ಒಳ್ಳೆಯ ಸಾಮಗ್ರಿ. ಪಂಜೆ ಮಂಗೇಶರಾಯರ ‘ಇಲಿಗಳ ತಕಥೈ’ ಎಂಬ ಹೆಸರು ಪೂರ್ಣ ವಾಕ್ಯವಲ್ಲ, ಅವರದೇ ‘ಸಿಗಡಿ ಯಾಕೆ ಒಣಗಲಿಲ್ಲ?’ ಪೂರ್ಣ ವಾಕ್ಯ. ಪ್ರಶ್ನೆಯೂ ವಾಕ್ಯವೇ ಎಂಬುದು ಅನೇಕ ಮಕ್ಕಳಿಗೆ ಹೊಸ ಸುದ್ದಿ.

ಶಾಲೆಗೆ ಬರುವ ದಾರಿಯೂ ಪಠ್ಯವಾಗುತ್ತದೆ. ಬ್ಯಾಂಕಿನ ಬಾಗಿಲ ಮೇಲಿನ ‘ತಳ್ಳಿರಿ’ ಒಂದೇ ಪದದ ಪೂರ್ಣ ವಾಕ್ಯ. ‘ಧೂಮಪಾನವನ್ನು ನಿಷೇಧಿಸಲಾಗಿದೆ’ ಎಂಬುದರಲ್ಲಿ ನಿಷೇಧಿಸಿದವರ ಹೆಸರಿಲ್ಲ, ಆದರೂ ಪೂರ್ಣ. ಬಸ್ಸಿನ ಸೀಟಿನ ಮೇಲಿನ ‘ಮಹಿಳೆಯರಿಗೆ’ ಎಂಬುದು ಅಪೂರ್ಣ. ಅದನ್ನು ಪೂರ್ಣ ಮಾಡಿಕೊಂಡು ಓದುವುದು ಪ್ರಯಾಣಿಕರ ಕೆಲಸ.

ಮನೆಯ ಕನ್ನಡ, ಪುಸ್ತಕದ ಕನ್ನಡ

ಇಲ್ಲಿ ಮೇಷ್ಟರೂ ಟೀಚರೂ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಧಾರವಾಡದ ಕಡೆಯ ಮಗು ‘ನಾ ಬರ್ತೀನ್ರಿ’ ಎಂದರೂ, ಮಂಡ್ಯದ ಮಗು ‘ನಾನು ಬತ್ತೀನಿ’ ಎಂದರೂ, ಮಂಗಳೂರಿನ ಮಗು ‘ನಾನು ಬರ್ತೇನೆ’ ಎಂದರೂ ಅದು ಪೂರ್ಣ ವಾಕ್ಯ. ಬರಹದ ರೂಪಕ್ಕಿಂತ ಬೇರೆಯಾಗಿದೆ ಎಂಬ ಕಾರಣಕ್ಕೆ ತಪ್ಪು ಗುರುತು ಹಾಕಿದರೆ, ಸರಿಯಾಗಿ ಕೇಳಿಸಿಕೊಂಡಿದ್ದ ಕಿವಿಯನ್ನೇ ಮಗು ನಂಬದಂತಾಗುತ್ತದೆ. ಮೊದಲು ಮಾತು ಮುಗಿದಿದೆಯೇ ಎಂದು ನೋಡಬೇಕು. ಪುಸ್ತಕದಲ್ಲಿ ಅದನ್ನು ಹೇಗೆ ಬರೆಯುತ್ತಾರೆ ಎಂಬುದು ಅದಾದ ಮೇಲಿನ ಪಾಠ.

ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ, ತೆಲುಗು, ಮರಾಠಿ ಆಡುವ ಮಕ್ಕಳೂ ಇದೇ ಬೆಂಚುಗಳಲ್ಲಿ ಕೂತಿರುತ್ತಾರೆ. ಈ ಎಲ್ಲ ಭಾಷೆಗಳಲ್ಲೂ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಮನೆಮಾತಿನಲ್ಲಿ ಒಂದು ಮುಗಿದ ಮಾತು, ಒಂದು ಮುಗಿಯದ ಮಾತು ಹೇಳು ಎಂದರೆ ಆ ಮಗು ಸಲೀಸಾಗಿ ಹೇಳುತ್ತದೆ. ಅಲ್ಲಿಂದ ಕನ್ನಡಕ್ಕೆ ಬರುವ ದಾರಿ ದೂರವಿಲ್ಲ.

ಸಾಲೇ ವಾಕ್ಯವಲ್ಲ

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಆರಂಭಿಸಿದ ‘ನಿಪುಣ ಭಾರತ’ ಯೋಜನೆ ಓದಿಗೆ ಮೆಟ್ಟಿಲುಗಳನ್ನು ಗೊತ್ತುಮಾಡಿದೆ. ಒಂದನೇ ತರಗತಿಯ ಕೊನೆಗೆ ನಾಲ್ಕೈದು ಸರಳ ಪದಗಳ ಪುಟ್ಟ ವಾಕ್ಯಗಳನ್ನು ಮಗು ಓದಬೇಕು. ಎರಡನೇ ತರಗತಿಯಲ್ಲಿ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದರಲ್ಲಿ ಕನಿಷ್ಠ 60 ಪದಗಳನ್ನು ಅರ್ಥಸಹಿತವಾಗಿ ಓದಬೇಕು. ಪದ ಎಣಿಸುವುದು ಸುಲಭ. ಅರ್ಥ ಸಿಗುತ್ತಿದೆಯೇ ಎಂದು ತಿಳಿಯಲು ಮಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಮೊದಮೊದಲ ಪಾಠಗಳಲ್ಲಿ ಸಾಲಿಗೊಂದು ವಾಕ್ಯವಿರುವುದು ವಾಡಿಕೆ. ಹಾಗಾಗಿ ಸಾಲು ಮುಗಿದರೆ ವಾಕ್ಯ ಮುಗಿಯಿತು ಎಂಬ ಭಾವನೆ ಬೇರೂರಿರುತ್ತದೆ. ವಾಕ್ಯ ಎರಡನೇ ಸಾಲಿಗೆ ಹರಿಯುವ ಪಾಠ ಬಂದಾಗ ಮಗು ನಡುವೆಯೇ ನಿಂತು, ಚುಕ್ಕಿಯನ್ನು ದಾಟಿ ಓಡುತ್ತದೆ. ಸಾಲು ಮುರಿಯುವ ಜಾಗವನ್ನು ಬೇಕೆಂದೇ ಬದಲಿಸಿ ಬರೆದು ಓದಿಸಿದರೆ ಈ ಅಭ್ಯಾಸ ಬಿಡುತ್ತದೆ.

ಪೂರ್ಣವಿರಾಮ, ಅಲ್ಪವಿರಾಮಗಳೆಲ್ಲ ಕನ್ನಡಕ್ಕೆ ಮುದ್ರಣದ ಕಾಲದಲ್ಲಿ ರೂಢಿಯಾದ ಗುರುತುಗಳು. ತಾಳೆಗರಿಗಳಲ್ಲಿ ಪದಗಳ ನಡುವೆ ಜಾಗವೂ ಬಿಡದೆ ಅಕ್ಷರಗಳು ಒಂದೇ ಸಮನೆ ಸಾಗುತ್ತಿದ್ದವು. ಅವನ್ನು ಓದುತ್ತಿದ್ದವರು ಮಾತಿನ ಬಾಲ ಹಿಡಿದೇ ನಿಲ್ಲುವ ಜಾಗವನ್ನು ಕಂಡುಕೊಳ್ಳುತ್ತಿದ್ದರು. ಮಕ್ಕಳಿಗೂ ಇದೇ ಕ್ರಮ ಒಳ್ಳೆಯದು. ಚುಕ್ಕಿಗಳಿಲ್ಲದ ಐದಾರು ಸಾಲಿನ ಕಥೆಯನ್ನು ಕೊಟ್ಟು, ಗಟ್ಟಿಯಾಗಿ ಓದಿಸಿ, ಮಾತು ಮುಗಿದಲ್ಲಿ ಬಣ್ಣದ ಪೆನ್ಸಿಲಿನಿಂದ ಚುಕ್ಕಿ ಇಡಿಸಬೇಕು.

ಮೂರನೇ ತರಗತಿಯಲ್ಲಿ ಈ ಅಭ್ಯಾಸ ಮಗುವಿನ ಸ್ವಂತ ಬರಹಕ್ಕೆ ಬರುತ್ತದೆ. ಆ ವಯಸ್ಸಿನವರ ನೋಟ್‌ಬುಕ್ಕಿನಲ್ಲಿ ಕಾಣುವ ಬರಹ ಹೀಗಿರುತ್ತದೆ: ‘ನಿನ್ನೆ ಸಂತೆಗೆ ಹೋಗಿ ಬಲೂನು ತಗೊಂಡು ಅದು ಒಡೆದು ನಾನು ಅತ್ತು ಅಪ್ಪ’. ಟೀಚರು ಕೆಂಪು ಶಾಯಿ ಹಾಕುವ ಮೊದಲು ಪಕ್ಕದ ಹುಡುಗಿಗೆ ಇದನ್ನು ಓದಿ ಹೇಳಲು ಬಿಡಬೇಕು. ‘ಅಪ್ಪ ಏನು ಮಾಡಿದ್ರು?’ ಎಂದು ಅವಳು ಕೇಳಿಯೇ ಕೇಳುತ್ತಾಳೆ. ‘ಇನ್ನೊಂದು ಕೊಡಿಸಿದ್ರು’ ಎಂದು ಬರೆದವನು ಹೇಳುತ್ತಾನೆ, ಹೇಳಿದ್ದನ್ನು ಸೇರಿಸುತ್ತಾನೆ. ಅನಂತರ ಇಬ್ಬರೂ ಸೇರಿ ಅದನ್ನೇ ಬಿಡಿಸಿ ಬರೆಯಬಹುದು: ‘ನಿನ್ನೆ ಸಂತೆಗೆ ಹೋಗಿ ಬಲೂನು ತಗೊಂಡೆ. ಅದು ಒಡೆಯಿತು. ನಾನು ಅತ್ತೆ. ಅಪ್ಪ ಇನ್ನೊಂದು ಕೊಡಿಸಿದರು.’ ಒಂದು ವಾಕ್ಯವಾಗಿ ಪೋಣಿಸುವುದೂ ಕನ್ನಡಕ್ಕೆ ಒಗ್ಗುವ ರೀತಿಯೇ, ನಾಲ್ಕಾಗಿ ಬಿಡಿಸುವುದೂ ಒಗ್ಗುವ ರೀತಿಯೇ. ಎರಡನ್ನೂ ಗಟ್ಟಿಯಾಗಿ ಓದಿ, ಯಾವುದನ್ನು ನೋಟ್‌ಬುಕ್ಕಿನಲ್ಲಿ ಉಳಿಸಬೇಕು ಎಂಬುದನ್ನು ಬರೆದ ಹುಡುಗನೇ ತೀರ್ಮಾನಿಸಲಿ.